ಅಮ್ಮಚ್ಚಿಯ ಕೊನೆಯ ಅರ್ಧ ಗಂಟೆ

ನನ್ನ ತಮ್ಮ ಆರ್ಚ್‌ಬಿಷಪ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೆಲ್ಯಾಡಿಯ ಕಡೆ ನನ್ನನ್ನು ಯಾರಿಗಾದರೂ ಪರಿಚಯ ಮಾಡಿಕೊಡುವವರು ಹೇಗೂ ಅದನ್ನೇ ಮೊದಲು ಹೇಳುತ್ತಾರೆ. ಕಡಬದ ಶಾಲೆಯಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದೆ, ರಬ್ಬರ್ ತೋಟ ನೋಡಿಕೊಂಡೆ, ಗಂಡನನ್ನು ಮಣ್ಣು ಮಾಡಿದೆ. ಅದು ಯಾವುದೂ ಲೆಕ್ಕಕ್ಕಿಲ್ಲ. "ಇವ್ರು ಆರ್ಚ್‌ಬಿಷಪ್ಪರ ಅಕ್ಕ" ಎಂದರೆ ಮುಗಿಯಿತು, ಕೂತವರು ಎದ್ದು ನಿಲ್ಲುತ್ತಾರೆ. ನನಗೆ ಮೈ ಉರಿಯುತ್ತದೆ.

ನನಗೆ ಈಗ ಎಪ್ಪತ್ತೆರಡು, ಅವನಿಗೆ ಅರವತ್ತೆಂಟು. ಹನ್ನೊಂದು ವರ್ಷ ನಾನು ಅವನ ಹತ್ತಿರ ಒಂದೇ ಒಂದು ಪ್ರಶ್ನೆ ಕೇಳಿದೆ. ನಮ್ಮ ಅಮ್ಮ, ನಾವು ಅಮ್ಮಚ್ಚಿ ಎನ್ನುತ್ತಿದ್ದೆವು, ಸಾಯುವ ದಿನ ನನ್ನ ಬಗ್ಗೆ ಅವನ ಹತ್ತಿರ ಏನಾದರೂ ಹೇಳಿದಳೇ ಎಂದು. ಅವನು ಉತ್ತರ ಕೊಡಲಿಲ್ಲ. ಕೊಡುವಂತೆಯೂ ಇರಲಿಲ್ಲ. ಅದು ಗೊತ್ತಿದ್ದೂ ಕೇಳಿದೆ. ರಾತ್ರಿ ನಿದ್ದೆಯಿಲ್ಲ, ಹಗಲು ಕೂತಲ್ಲಿ ಕೂರಲಾಗುವುದಿಲ್ಲ. ಅಡುಗೆಮನೆಯಿಂದ ಅಂಗಳಕ್ಕೆ, ಅಂಗಳದಿಂದ ತೋಟಕ್ಕೆ ಸುಮ್ಮನೆ ತಿರುಗುತ್ತೇನೆ. ನಮ್ಮ ನಾಯಿಗೂ ನನ್ನ ಹಿಂದೆ ಬಂದು ಬಂದು ಸಾಕಾಗಿ ಈಗ ಬರುವುದು ಬಿಟ್ಟಿದೆ.

ನಾವು ಕೇರಳದಿಂದ ಬಂದಾಗ ನನಗೆ ಆರು ವರ್ಷ, ಅವನಿಗೆ ಎರಡು. ನಮ್ಮ ಅಪ್ಪ ಅಲ್ಲಿದ್ದ ತುಂಡು ಜಾಗ ಮಾರಿ, ಇಲ್ಲಿ ಊರವರಿಗೆ ಬೇಡವಾಗಿದ್ದ ಒಂದು ಗುಡ್ಡ ತೆಗೆದುಕೊಂಡರು. ಮುಳಿಹುಲ್ಲು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಮೊದಲ ವರ್ಷಗಳಲ್ಲಿ ಮರಗೆಣಸು ತಿಂದೇ ಬದುಕಿದೆವು. ನಮ್ಮಿಬ್ಬರ ನಡುವೆ ಹುಟ್ಟಿದ್ದ ಇನ್ನೊಬ್ಬ ತಮ್ಮ ಆ ಗುಡ್ಡದಲ್ಲೇ ಜ್ವರ ಬಂದು ತೀರಿಕೊಂಡ. ಅವನನ್ನು ಮಣ್ಣು ಮಾಡಿದ ಮರುವಾರವೇ ಅಮ್ಮಚ್ಚಿ ಹಾರೆ ಹಿಡಿದು ರಬ್ಬರ್ ಗಿಡಗಳಿಗೆ ಗುಂಡಿ ತೆಗೆಯುತ್ತಿದ್ದಳು.

ಶಾಲೆಯಲ್ಲಿ ನಮ್ಮನ್ನು ಮರಗೆಣಸು ಎಂದೇ ಕರೆಯುತ್ತಿದ್ದರು. ಹಾಗೆ ಕರೆದವರಿಗೆ ನಾನು ಹೊಡೆಯುತ್ತಿದ್ದೆ, ತಮ್ಮ ನಗುತ್ತಿದ್ದ. ಅವನ ನಗು ಕಂಡರೆ ನನಗೆ ಇನ್ನೂ ಸಿಟ್ಟು ಬಂದು ಅವನಿಗೂ ಎರಡು ಬಿಗಿಯುತ್ತಿದ್ದೆ. ಮನೆಯಲ್ಲಿ ದೊಡ್ಡವರ ಜೊತೆ ಮಲಯಾಳ, ಕೆಲಸದವರ ಜೊತೆ ತುಳು, ನಾವಿಬ್ಬರೇ ಇದ್ದಾಗ ಕನ್ನಡ. ಅಪ್ಪನಿಗೆ ಅರ್ಥವಾಗದಂತೆ ಜಗಳ ಮಾಡಲು ಅದು ಅನುಕೂಲವಾಗಿತ್ತು. ಈಗಲೂ ಹಾಗೆಯೇ. ಊರೆಲ್ಲ ಕೈಮುಗಿಯುವ ಮಹಾಧರ್ಮಾಧ್ಯಕ್ಷ ಫೋನಿನಲ್ಲಿ "ಎಂತ ಚೇಚಿ" ಎಂದೇ ಶುರು ಮಾಡುವುದು. ಚೇಚಿ ಎಂದರೆ ಅಕ್ಕ. ಆ ಒಂದು ಶಬ್ದ ಮಾತ್ರ ಮಲಯಾಳದಲ್ಲೇ ಉಳಿಯಿತು.

ನಮ್ಮಲ್ಲಿ ಮನೆ ಕಿರಿಯ ಮಗನಿಗೆ. ಅಪ್ಪ ಅಮ್ಮನನ್ನು ಕೊನೆಯವರೆಗೆ ನೋಡಿಕೊಳ್ಳುವವನೂ ಅವನೇ. ಉಳಿದವನು ಒಬ್ಬನೇ ಆದ್ದರಿಂದ ಅದರಲ್ಲಿ ಮಾತೇ ಇರಲಿಲ್ಲ. ಆದರೆ ಅವನಿಗೆ ಹದಿನೈದು ಆಗಿದ್ದಾಗ ಉತ್ತರ ಭಾರತದ ಕಡೆಯಿಂದ ಒಬ್ಬ ಪಾದ್ರಿ ನಮ್ಮ ಚರ್ಚಿಗೆ ಬಂದರು. ಪೂಜೆ ಮುಗಿದ ಮೇಲೆ, ಅಲ್ಲಿಯ ಹಳ್ಳಿಗಳಿಗೆ ಪಾದ್ರಿಗಳೇ ಇಲ್ಲ, ಯಾರು ಬರುತ್ತೀರಿ ಎಂದು ಕೇಳಿದರು. ಇವನು ಕೈ ಎತ್ತಿದ. ಹೆಂಗಸರ ಸಾಲಿನಲ್ಲಿ ಅಮ್ಮಚ್ಚಿಯ ಪಕ್ಕ ನಾನಿದ್ದೆ. ಅಮ್ಮಚ್ಚಿ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು, ಅಷ್ಟೇ. ಮನೆಗೆ ಬಂದ ಮೇಲೆ ನಾನು ಹಾರಾಡಿದೆ. "ದೇವರು ಕೇಳಿದ್ರೆ ಇಲ್ಲ ಅನ್ಲಿಕ್ಕೆ ಆಗ್ತದಾ?" ಎಂದಳು. ಹೇಳಿದ್ದು ಮಲಯಾಳದಲ್ಲಿ, ಅವಳ ಮಾತನ್ನು ನಾನಿಲ್ಲಿ ನಮ್ಮ ಕನ್ನಡದಲ್ಲಿ ಬರೆಯುತ್ತಿದ್ದೇನೆ. ದೇವರು ಕೇಳಿದ್ದು ಅವನನ್ನು. ಅವನ ಪಾಲಿನ ಕೆಲಸ ಯಾರು ಮಾಡುವುದು ಎಂದು ನನ್ನನ್ನು ಯಾರೂ ಕೇಳಲಿಲ್ಲ. ನನಗೆ ಮದುವೆಯಾದಾಗ ಗಂಡ ನಮ್ಮ ಮನೆಗೇ ಬಂದು ನಿಂತರು. ಮಕ್ಕಳಾಗಲಿಲ್ಲ. ಮೊದಲು ಅಪ್ಪ ಹೋದರು, ಆಮೇಲೆ ಗಂಡ. ಅಮ್ಮಚ್ಚಿ ಮತ್ತು ನಾನು ಉಳಿದೆವು.

ಅವನು ಅಲ್ಲಿ ಸುಖವಾಗಿದ್ದ ಎಂದು ನಾನು ಹೇಳುತ್ತಿಲ್ಲ. ಅನ್ನ ಕಾಣದೆ ತಿಂಗಳುಗಟ್ಟಲೆ ರೊಟ್ಟಿ ತಿಂದ. ಹಳ್ಳಿಯಿಂದ ಹಳ್ಳಿಗೆ ಸೈಕಲ್ ತುಳಿದ. ಅಲ್ಲಿಯವರ ಮಾತು ಕಲಿತು, ಅವರಿಗೇ ಆ ಭಾಷೆಯಲ್ಲಿ ಅರ್ಜಿ ಬರೆದುಕೊಟ್ಟ, ಬಾವಿ ತೋಡಿಸಿದ, ಶಾಲೆ ಮಾಡಿದ. ಬಿಷಪ್ ಮಾಡಿದರು. ಆರ್ಚ್‌ಬಿಷಪ್ ಮಾಡಿದಾಗ ಮಾತ್ರ ಅಲ್ಲಿಯವರೇ ಕೆಲವರು, ಹೊರಗಿನಿಂದ ಬಂದವ ನಮಗೆ ಬೇಡ ಎಂದು ಗೋಡೆಗೆಲ್ಲ ಚೀಟಿ ಅಂಟಿಸಿದರಂತೆ. ಅವನು ಅದನ್ನು ಫೋನಿನಲ್ಲಿ ನಗುತ್ತಲೇ ಹೇಳಿದ. "ಇಲ್ಲಿಯೂ ನಾನು ಮರಗೆಣಸೇ ಚೇಚಿ." ನನಗೆ ಆ ಚೀಟಿ ಅಂಟಿಸಿದವರ ಕೆನ್ನೆಗೆ ಬಾರಿಸುವ ಹಾಗಾಯಿತು. ಹಾಗೆಂದು ಅವನಿಗೆ ಹೇಳಲಿಲ್ಲ. "ನಿಂಗೆ ಹಾಗೇ ಆಗ್ಬೇಕು" ಎಂದು ಫೋನ್ ಇಟ್ಟೆ.

ಬಿಷಪ್ ಆಗಿ ಮೊದಲ ಸಲ ಊರಿಗೆ ಬಂದಾಗ ಚರ್ಚಿನಲ್ಲಿ ಬ್ಯಾಂಡು, ಬಣ್ಣದ ಕೊಡೆ, ಭಾಷಣ. ಅಮ್ಮಚ್ಚಿ ಎಲ್ಲರಂತೆ ಸಾಲಿನಲ್ಲಿ ನಿಂತು, ಮೊಣಕಾಲೂರಿ ಮಗನ ಉಂಗುರಕ್ಕೆ ಮುತ್ತಿಟ್ಟಳು. ನಮ್ಮಲ್ಲಿ ಬಿಷಪ್ಪರನ್ನು ಪಿತಾವು, ಅಂದರೆ ತಂದೆ, ಎಂದು ಕರೆಯುತ್ತಾರೆ. ಹೆತ್ತ ಮಗನನ್ನು ಹಾಗೆ ಕರೆದಳು. ಮನೆಗೆ ಬಂದ ಮೇಲೆ ಅವನಿಗೆ ಊಟ ಬಡಿಸಿ ಎದುರು ನಿಂತಳು, ಕೂರಲಿಲ್ಲ. ಅವನು ಎರಡು ದಿನ ಇದ್ದು ಹೋದ. ಆಮೇಲೂ ಹಾಗೆಯೇ, ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಎರಡು ದಿನ.

ಅಮ್ಮಚ್ಚಿ ಹಾಸಿಗೆ ಹಿಡಿದಾಗ ನಾನು ಕೆಲಸದಿಂದ ನಿವೃತ್ತಳಾಗಿದ್ದೆ. ಒಂದೂವರೆ ವರ್ಷ ಮಲಗಿದ್ದಳು. ಬುದ್ಧಿ ನೆಟ್ಟಗಿತ್ತು, ಕಾಲಿನಲ್ಲಿ ಬಲ ಇರಲಿಲ್ಲ. ತಿನ್ನಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು ಎಲ್ಲ ನಾನೇ. ಅವಳಿಗೆ ಮಾತ್ರ ಎದ್ದರೆ ಬಿದ್ದರೆ ಮಗನ ಸುದ್ದಿ. ಅವನು ಉಂಡನಾ, ಅಲ್ಲಿ ಚಳಿ ಉಂಟಂತಾ, ಕಾಲುನೋವು ಹೇಗುಂಟಂತೆ. ನಾನು ಊಟ ಮಾಡಿದೆನಾ ಎಂದು ಒಂದು ದಿನ ಕೇಳಿದ್ದಿಲ್ಲ.

ಒಂದು ಬೆಳಿಗ್ಗೆ ರಬ್ಬರ್ ಕಡಿಯಲು, ಅಂದರೆ ಮರ ಗೀರಿ ಹಾಲು ತೆಗೆಯಲು, ಸುಳ್ಯದ ಕಡೆಯಿಂದ ಬರುವವನು ಬರಲಿಲ್ಲ. ಹಿಂದಿನ ದಿನ ಹೆಪ್ಪು ಹಾಕಿಟ್ಟ ಹಾಲು ಗಟ್ಟಿಯಾಗಿ ಕಾಯುತ್ತಿತ್ತು. ಹೊತ್ತು ಮೀರಿದರೆ ಅದು ಶೀಟ್ ಒತ್ತುವ ಮೆಷಿನ್ನಿಗೆ ಬಗ್ಗುವುದಿಲ್ಲ. ಅದೇ ಹೊತ್ತಿಗೆ ಅಮ್ಮಚ್ಚಿ ಕರೆದಳು. ಹಾಸಿಗೆ ಒದ್ದೆಯಾಗಿತ್ತು. ನಾನು ಹೊಸ ಬಟ್ಟೆ ತೆಗೆಯುತ್ತಿರುವಾಗ, "ಅವ ಫೋನ್ ಮಾಡಿದ್ನಾ?" ಎಂದಳು. ನನಗೆ ಏನಾಯಿತೋ ಗೊತ್ತಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಎಸೆದೆ. "ನಿಂಗೆ ಇರುದು ಮಗ ಒಬ್ಬನೇ ಅಲ್ವಾ? ಅವನೇ ಬಂದು ತೊಳೀಲಿ" ಎಂದು ಹೇಳಿ ಹೊರಗೆ ಹೋದೆ. ಅಷ್ಟೂ ಶೀಟ್ ಮೆಷಿನ್ನಿಗೆ ಕೊಟ್ಟು, ತೊಳೆದು, ಶೀಟ್ ಒಣಗಿಸುವ ಹೊಗೆಗೂಡಿನಲ್ಲಿ ನೇತುಹಾಕಿ ಒಳಗೆ ಬಂದಾಗ ಮಧ್ಯಾಹ್ನ ದಾಟಿತ್ತು. ಅಷ್ಟು ಹೊತ್ತು ಅವಳು ಅದೇ ಒದ್ದೆಯಲ್ಲಿ ಮಲಗಿದ್ದಳು. ಕಣ್ಣು ಮೇಲೆ ಮಾಡಿನ ಹಂಚಿನ ಕಡೆ ಇತ್ತು. ನಾನು ತೊಳೆದೆ, ಬಟ್ಟೆ ಬದಲಿಸಿದೆ.

ಆ ದಿನದಿಂದ ಅಮ್ಮಚ್ಚಿ ನನ್ನ ಹತ್ತಿರ ಏನನ್ನೂ ಕೇಳಲಿಲ್ಲ. ನೀರು ಕೂಡ. ಕೊಟ್ಟರೆ ಕುಡಿಯುತ್ತಿದ್ದಳು. ಮಗನ ಸುದ್ದಿಯೂ ನಿಂತಿತು. ಆ ಸುದ್ದಿ ಕೇಳಿ ಕೇಳಿ ತಲೆ ಚಿಟ್ಟು ಹಿಡಿಸಿಕೊಂಡವಳು ನಾನು, ಈಗ ಅದು ಇಲ್ಲವೆಂದು ಒದ್ದಾಡಿದೆ. ತಪ್ಪಾಯಿತು ಎಂದು ಹೇಳಬೇಕು, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ಮೂರು ವಾರ ಕಳೆಯಿತು. ನಾಲಿಗೆ ಏಳಲಿಲ್ಲ. ಬೈಯಲು ಮಾತ್ರ ಇರುವ ನಾಲಿಗೆ ನನ್ನದು.

ಆಮೇಲೆ ಡಾಕ್ಟರು ಇನ್ನು ಕರೆಸಬೇಕಾದವರನ್ನು ಕರೆಸಿ ಎಂದರು. ತಮ್ಮ ವಿಮಾನ ಹಿಡಿದು ಮಂಗಳೂರಿಗೆ, ಅಲ್ಲಿಂದ ಕಾರಿನಲ್ಲಿ ಬೆಳಿಗ್ಗೆಯೇ ಮನೆಗೆ ಬಂದ. ಅಮ್ಮಚ್ಚಿ ಅವನನ್ನು ನೋಡಿದಳು, ಕೈ ಹಿಡಿದಳು. ಮಾತು ಇನ್ನೂ ಸ್ಪಷ್ಟವಾಗಿತ್ತು. "ಪಾದ್ರಿಗೆ ಹೇಳಿ ಕಳಿಸಿ, ಕುಂಬಸಾರ ಮಾಡ್ಬೇಕು" ಎಂದಳು. ಕುಂಬಸಾರ ಎಂದರೆ ಪಾಪನಿವೇದನೆ, ಸಾಯುವ ಮೊದಲು ನಾವು ಮಾಡಲೇಬೇಕಾದದ್ದು. ನಮ್ಮ ಚರ್ಚಿನ ಪಾದ್ರಿ ಯಾವುದೋ ಸಾವಿಗೆಂದು ಕಡಬಕ್ಕೆ ಹೋಗಿದ್ದರು, ಬರಲು ಎರಡು ಗಂಟೆಯಾದರೂ ಬೇಕಿತ್ತು. ಕಾಯಬಹುದಿತ್ತು. ನನಗೆ ಕಾದು ಗೊತ್ತಿಲ್ಲ. "ಆರ್ಚ್‌ಬಿಷಪ್ಪೇ ಮನೆಯಲ್ಲಿರುವಾಗ ಇನ್ಯಾಕೆ ಬೇರೆ ಪಾದ್ರಿ?" ಎಂದೆ. ತಮ್ಮ ಒಮ್ಮೆ ನನ್ನ ಮುಖ ನೋಡಿದ. "ಬೇಡ ಚೇಚಿ. ಅವ್ರು ಬರ್ಲಿ" ಎಂದ. "ಅಷ್ಟರೊಳಗೆ ಏನಾದ್ರೂ ಆದ್ರೆ?" ಎಂದು ನಾನು ಬಾಯಿ ಮಾಡಿದೆ. ಅಮ್ಮಚ್ಚಿಯೂ ತಲೆಯಾಡಿಸಿದಳು. ಅವನು ಒಳಗೆ ಉಳಿದ. ಬಾಗಿಲು ಹಾಕಿದವಳು ನಾನು.

ಒಳಗಿನದು ಕಿವಿಗೆ ಬಿದ್ದರೆ ಅದೂ ಪಾಪ. ಅದಕ್ಕೆ ನಾನು ಹಿತ್ತಲಿಗೆ ಹೋಗಿ ಶೀಟಿನ ಮೆಷಿನ್ ತಿರುಗಿಸುತ್ತ ನಿಂತೆ. ಮೆಷಿನ್ನಿಗೆ ಕೊಡಲು ಅವತ್ತು ಏನೂ ಇರಲಿಲ್ಲ. ಖಾಲಿ ಮೆಷಿನ್ ಕರಕರ ಎನ್ನುತ್ತಿತ್ತು. ಅರ್ಧ ಗಂಟೆಯ ಮೇಲೆ ಅವನು ಹೊರಗೆ ಬಂದು ನೇರ ಬಾವಿಕಟ್ಟೆಗೆ ಹೋಗಿ ಮುಖ ತೊಳೆದ. ನಾನು ಒಳಗೆ ಹೋದಾಗ ಅಮ್ಮಚ್ಚಿ ಕಣ್ಣು ಮುಚ್ಚಿದ್ದಳು. ಮಧ್ಯಾಹ್ನ ಕಣ್ಣು ಬಿಟ್ಟಾಗ ನಾಲಿಗೆ ಬಿದ್ದುಹೋಗಿತ್ತು. ಸಂಜೆ ತೀರಿಕೊಂಡಳು.

ನನ್ನ ಮೂರ್ಖತನ ನನಗೆ ಹೊಳೆದದ್ದು ಹೂಳಿ ಬಂದ ಮೇಲೆ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪಾದ್ರಿಯಾದವನು ಉಸಿರಿರುವವರೆಗೆ ಹೇಳುವಂತಿಲ್ಲ. ಹೇಳಿದರೆ ಧರ್ಮಸಭೆಯಿಂದಲೇ ಹೊರಗೆ. ಏನೂ ಹೇಳಲಿಲ್ಲ ಎಂದು ಹೇಳುವುದಕ್ಕೂ ಅಪ್ಪಣೆ ಇಲ್ಲ. ಬೇರೆ ಪಾದ್ರಿಗೆ ಎರಡು ಗಂಟೆ ಕಾದಿದ್ದರೆ, ಆ ಹೊತ್ತಿನಲ್ಲಿ ಅಮ್ಮಚ್ಚಿ ಮಗನ ಹತ್ತಿರ ಮಾತಾಡುತ್ತಿದ್ದಳು. ಮಗ ಅಕ್ಕನಿಗೆ ಹೇಳುತ್ತಿದ್ದ. ನಾನೇ ಕೈಯಾರೆ ಮಗನನ್ನು ಪಾದ್ರಿ ಮಾಡಿ ಒಳಗೆ ಕಳಿಸಿದ್ದೆ.

ಆದರೂ ಕೇಳಿದೆ. ಅಮ್ಮಚ್ಚಿಯ ವರ್ಷದ ಪೂಜೆಗೆ ಬಂದಾಗ ಕೇಳಿದೆ. ಫೋನಿನಲ್ಲಿ ಕೇಳಿದೆ. "ಹೌದು ಅಲ್ಲ ಅಂತಾದ್ರೂ ಹೇಳು, ಬೇರೆ ಎಂತದೂ ಬೇಡ" ಎಂದು ಅತ್ತೆ. ಅವನದು ಒಂದೇ ಉಪಾಯ. "ಅಲ್ಲಿ ಮಳೆ ಬಂತಾ ಚೇಚಿ?" ಹನ್ನೊಂದು ವರ್ಷ ನೆಲ್ಯಾಡಿಯಲ್ಲಿ ಬಿದ್ದ ಮಳೆಯ ವರದಿ ಪೂರ್ತಿ ಅವನ ಹತ್ತಿರ ಇರಬೇಕು. ನಾನು ಬೈದು ಫೋನ್ ಕುಕ್ಕುತ್ತಿದ್ದೆ. ಮುಂದಿನ ಭಾನುವಾರ ಅವನು ಮತ್ತೆ ಮಾಡುತ್ತಿದ್ದ.

ಆಚೆಮನೆಯವಳು ಮರ್ಕಂಜದಿಂದ ಮದುವೆಯಾಗಿ ಬಂದವಳು, ಅಡಿಕೆ ತೋಟದವಳು, ನನ್ನದೇ ಪ್ರಾಯ. ಅವಳಿಗೆ ಮಾತ್ರ ಇದನ್ನೆಲ್ಲ ಹೇಳಿದ್ದೆ, ಒದ್ದೆ ಹಾಸಿಗೆಯ ವಿಷಯ ಬಿಟ್ಟು. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. "ಎಂತ ಮಾರಾಯ್ತಿ, ಸ್ವಂತ ತಮ್ಮ ಅಲ್ವಾ? ಕಿವಿ ಹಿಂಡಿ ಕೇಳುದಪ್ಪ. ಸತ್ತವ್ರು ಹೇಳಿದ್ದನ್ನು ಇದ್ದವ್ರಿಗೆ ಹೇಳ್ಬಾರ್ದು ಅಂದ್ರೆ ಎಂತ ನ್ಯಾಯ?" ಎಂದಳು. ನಾನೂ ಅದನ್ನೇ ಹೇಳುತ್ತಿದ್ದವಳು. ಆದರೆ ಅವಳ ಬಾಯಲ್ಲಿ ಕೇಳಿದಾಗ ನನಗೆ ಸಿಟ್ಟು ಬಂತು. "ನಿಂಗೆ ಅದೆಲ್ಲ ಗೊತ್ತಾಗುದಿಲ್ಲ" ಎಂದು ತಮ್ಮನ ಪರವಾಗಿಯೇ ಜಗಳ ಮಾಡಿ ಎದ್ದು ಬಂದೆ.

ಈ ವರ್ಷ ನನಗೆ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿತು. ಪುತ್ತೂರಿನ ಆಸ್ಪತ್ರೆಯಲ್ಲಿ ಆಪರೇಶನ್ ಎಂದಾಯಿತು. ಸಣ್ಣದೇ ಎಂದರು ಡಾಕ್ಟರು, ಆದರೆ ಈ ಪ್ರಾಯಕ್ಕೆ ಅರಿವಳಿಕೆ ಕೊಡುವಾಗ ಸ್ವಲ್ಪ ಜಾಗ್ರತೆ ಬೇಕು ಎಂದೂ ಸೇರಿಸಿದರು. ತಮ್ಮ ಹೇಳದೆ ಕೇಳದೆ ಬಂದುಬಿಟ್ಟ. ನಿಲುವಂಗಿ ಇಲ್ಲ, ಉಂಗುರ ಇಲ್ಲ. ಸಾದಾ ಅಂಗಿ, ಪ್ಯಾಂಟು. ನರ್ಸುಗಳಿಗೆ ಗುರುತೇ ಹತ್ತಲಿಲ್ಲ. "ಅಜ್ಜ, ಸ್ವಲ್ಪ ಆಚೆ ನಿಲ್ಲಿ" ಎಂದು ಅವನನ್ನು ಅತ್ತ ಇತ್ತ ಸರಿಸುತ್ತಿದ್ದರು. ಅವನು ಹೇಳಿದ ಕಡೆ ಸರಿದು ನಿಲ್ಲುತ್ತಿದ್ದ. ನನಗೆ ಒಳಗೊಳಗೇ ಖುಷಿಯಾಯಿತು.

ಆಪರೇಶನ್ನಿನ ಬೆಳಿಗ್ಗೆ ನನಗೊಂದು ಉಪಾಯ ಹೊಳೆಯಿತು. ಕೆಟ್ಟ ಉಪಾಯವೇ. "ನಂಗೆ ಕುಂಬಸಾರ ಮಾಡ್ಬೇಕು. ನಿನ್ನ ಹತ್ರವೇ" ಎಂದೆ. ನನ್ನ ಯೋಚನೆ ಇಷ್ಟು: ಒದ್ದೆ ಹಾಸಿಗೆಯ ವಿಷಯ ನಾನು ಯಾವ ಪಾದ್ರಿಗೂ ಹೇಳಿರಲಿಲ್ಲ. ಈಗ ಇವನಿಗೆ ಹೇಳುತ್ತೇನೆ. ಅಮ್ಮಚ್ಚಿ ಮೊದಲೇ ಹೇಳಿದ್ದರೆ ಅವನ ಮುಖ ಸುಳ್ಳು ಹೇಳುವುದಿಲ್ಲ. ಮೂವತ್ತು ವರ್ಷ ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡ ಮಕ್ಕಳ ಮುಖ ಓದಿದವಳು ನಾನು.

ಅವನು ಎದ್ದು ಬಾಗಿಲು ಮುಂದಕ್ಕೆ ಮಾಡಿ ಬಂದ. ಕಿಸೆಯಿಂದ ಪಾದ್ರಿಗಳ ನೇರಳೆ ಬಣ್ಣದ ಸಣ್ಣ ಪಟ್ಟಿ ತೆಗೆದು ಕೊರಳಿಗೆ ಹಾಕಿಕೊಂಡು, ಕುರ್ಚಿಯನ್ನು ಅಡ್ಡ ತಿರುಗಿಸಿ ಕೂತು, ನನ್ನ ಕಡೆಯ ಕೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡ. ಕೇಳುವಾಗ ಪಾದ್ರಿಗಳು ಹಾಗೆಯೇ ಕೂರುವುದು. ನನಗೆ ಅದು ನೆನಪೇ ಇರಲಿಲ್ಲ. ಕಂಡದ್ದು ಅವನ ಕಿವಿ ಮತ್ತು ನರೆಗೂದಲು ಮಾತ್ರ.

ಹೇಳಲು ಶುರು ಮಾಡಿದ್ದೆ, ನಿಲ್ಲಿಸಲಾಗಲಿಲ್ಲ. ಬಟ್ಟೆ ಎಸೆದದ್ದು, ಬೈದದ್ದು, ಶೀಟ್ ಮುಗಿಯುವವರೆಗೆ ಅವಳನ್ನು ಹಾಗೇ ಬಿಟ್ಟದ್ದು. ಆ ದಿನ ಅವಳು ಮಾಡು ನೋಡುತ್ತಿದ್ದ ರೀತಿ. ಮೂರು ವಾರ ನೀರೂ ಕೇಳದ್ದು. ಹೇಳುತ್ತ ಹೇಳುತ್ತ ಅವನ ಮುಖ ನೋಡುವುದನ್ನೇ ಮರೆತೆ. ಬಿಕ್ಕಿ ಬಿಕ್ಕಿ ಅತ್ತೆ. ಅವನು ಅಲುಗಲಿಲ್ಲ. ಮುಗಿದ ಮೇಲೆ ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯ ಜಪ ಹೇಳಲು ಹೇಳಿ, ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಪ್ರಾರ್ಥನೆ ಹೇಳಿದ. ಹನ್ನೊಂದು ವರ್ಷಕ್ಕೆ ಮೂರೇ. ಅವನ ಕೈ ಬೆಚ್ಚಗಿತ್ತು.

ಅವನು ಪಟ್ಟಿಯನ್ನು ತೆಗೆದು ಮಡಚಿ ಕಿಸೆಗೆ ಹಾಕಿದ. ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದ. ಕಿಟಕಿಯ ಹೊರಗೆ ನೋಡಿದ. ಈಗ ಮಳೆಯ ವಿಷಯ ಕೇಳುತ್ತಾನೆ ಎಂದುಕೊಂಡೆ.

"ಚೇಚಿ, ನಂಗೂ ನಿನ್ನ ಹತ್ರ ಒಂದು ಕೇಳ್ಲಿಕ್ಕುಂಟು" ಎಂದ. "ನಾನಿಲ್ಲದಾಗ ಅಮ್ಮಚ್ಚಿ ನನ್ನ ಬಗ್ಗೆ ಎಂತಾದ್ರೂ ಹೇಳ್ತಿತ್ತಾ?"

ನಾನು ಬಾಯಿ ತೆರೆದು ನೋಡಿದೆ. "ನಿಂಗೆ ಗೊತ್ತಿಲ್ವಾ?"

"ಹೇಗೆ ಗೊತ್ತಾಗುದು? ಬಂದಾಗೆಲ್ಲ ಬಡಿಸಿ ಎದುರು ನಿಲ್ತಿತ್ತು. ಫೋನಿನಲ್ಲಿ ಪ್ರಾರ್ಥನೆ ಮಾಡು ಅಂತ ಹೇಳಿ ನಿಂಗೆ ಕೊಡ್ತಿತ್ತು. ಕೊನೆಗೆ ಓಡಿ ಬಂದೆ. ಆಗ ನೀನು ನನ್ನನ್ನು ಪಾದ್ರಿ ಮಾಡಿದಿ." ಅವನು ಅದನ್ನು ಬೈಯುವಂತೆ ಹೇಳಲಿಲ್ಲ. "ಆ ದಿನದ್ದು ಅಂತ ಮಗನಾಗಿ ಇಟ್ಕೊಳ್ಲಿಕ್ಕೆ ನಂಗೆ ಒಂದು ಮಾತೂ ಇಲ್ಲ. ನಾನು ಚರ್ಚಿನಲ್ಲಿ ಕೈ ಎತ್ತಿದಾಗ ಬೇಡ ಅಂತ ಅಮ್ಮಚ್ಚಿ ಒಂದು ಸರ್ತಿ ಹೇಳ್ಲಿಲ್ಲ ಚೇಚಿ. ನನ್ನನ್ನು ಅಷ್ಟು ಸುಲಭದಲ್ಲಿ ಕೊಟ್ಟುಬಿಡ್ತಾ ಅಂತ ಈಗಲೂ ಆಗ್ತದೆ."

ಅರವತ್ತೆಂಟು ವರ್ಷದ ಗಂಡಸು, ಎಷ್ಟೋ ಜನ ಕಂಡೊಡನೆ ಎದ್ದು ನಿಲ್ಲುವ ಮನುಷ್ಯ. ಈ ಮಾತು ಕೇಳಲು ಅವನಿಗೆ ಇಷ್ಟು ವರ್ಷ ಬೇಕಾಯಿತು. ನಾನು ಕೇಳಲು ಬಿಟ್ಟರೆ ತಾನೇ? ಫೋನ್ ಎತ್ತಿದರೆ ನನ್ನದೇ ಗೋಳು. ಅವನ ಬಾಯಿಗೆ ಸಭೆ ಬೀಗ ಹಾಕಿತ್ತು. ನನ್ನ ಬಾಯಿಗೆ ಯಾರೂ ಹಾಕಿರಲಿಲ್ಲ.

ಹೇಳಿದೆ. ದಿನಾ ಅವನು ಉಂಡನಾ ಎಂದು ಕೇಳುತ್ತಿದ್ದದ್ದು ಹೇಳಿದೆ. ಅಲ್ಲಿಯ ಚಳಿಯ ಬಗ್ಗೆ ಕೇಳುತ್ತಿದ್ದದ್ದು, ಅವನ ಕಾಲುನೋವಿಗೆ ಇಲ್ಲಿ ತನ್ನ ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದದ್ದು. ಆಮೇಲೆ, ಹೇಳಬಾರದು ಎಂದು ಇಟ್ಟುಕೊಂಡಿದ್ದದ್ದನ್ನೂ ಹೇಳಿದೆ. ಅವನು ಪಾದ್ರಿಯಾಗಲು ಸೆಮಿನರಿಗೆ ಹೋದ ದಿನ ಅಮ್ಮಚ್ಚಿ ಹೊಗೆಗೂಡಿನೊಳಗೆ ಹೋಗಿ ಚಿಲಕ ಹಾಕಿಕೊಂಡಳು. ಹೊಗೆ ತುಂಬಿದ್ದ ಕೋಣೆ. ಸಾಯುತ್ತಾಳೆ ಎಂದು ಹೆದರಿ ನಾನು ಬಾಗಿಲು ಬಡಿದೆ. ಹೊರಗೆ ಬಂದವಳು ನೆಲದಲ್ಲಿ ಕೂತು ಎದೆ ಬಡಿದುಕೊಂಡು ಅತ್ತಳು. ಕಾಗದದಲ್ಲಿ ಇದನ್ನೆಲ್ಲ ಅವನಿಗೆ ಬರೆಯುತ್ತೇನೆ ಎಂದು ನಾನು ಹೊರಟಾಗ ನನ್ನ ಕೈ ಹಿಡಿದು ಆಣೆ ಹಾಕಿಸಿದಳು.

"ಎಂತ ಹೇಳಿತು?" ಎಂದ ತಮ್ಮ.

"ಹೇಳ್ಬೇಡ, ಹೇಳಿದ್ರೆ ಅವ ತಿರುಗಿ ಬರ್ತಾನೆ ಅಂತ ಹೇಳಿತು."

ಐವತ್ತಮೂರು ವರ್ಷ ಈ ಮಾತು ನನ್ನೊಳಗೆ ಇತ್ತು. ಮೊದಮೊದಲು ಆಣೆಗೆ ಹೆದರಿ. ಆಮೇಲಿನದು, ನಿಜ ಹೇಳಬೇಕೆಂದರೆ, ಬರೀ ಹೊಟ್ಟೆಕಿಚ್ಚು. ಅವನಿಗೆ ಅಷ್ಟು ಪ್ರೀತಿ ಸಿಕ್ಕಿದ್ದು ಅವನಿಗೆ ಗೊತ್ತಾಗುವುದು ನನಗೆ ಬೇಡವಾಗಿತ್ತು.

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಬರ್ತಿದ್ದೆ ಚೇಚಿ" ಎಂದ. "ಖಂಡಿತ ಬರ್ತಿದ್ದೆ."

ನನ್ನನ್ನು ಕರೆದೊಯ್ಯಲು ನರ್ಸ್ ಬಂದಳು. ಅಜ್ಜ, ಸ್ವಲ್ಪ ಹೊರಗೆ ಕೂತ್ಕೊಳ್ಳಿ ಎಂದಳು. ಅವನು ಏಳಲಿಲ್ಲ.